ಸ್ಪಿಟ್‌ಫೈರ್ ಸಿಲ್ಲು, ಕಾಕಂಬಿ ಡ್ರಮ್ಮು: ನನ್ನ ಅನುಭವ

ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ತುಕ್ಕು ತೆಗೆಸಲು ಹೊರಟಾಗ ಕೇಳಿದ ಮಾತುಗಳಿವು: ಕಾಕಂಬಿಯಲ್ಲಿ ತುಕ್ಕು ಬಿಡುವುದಿಲ್ಲ, ಸ್ಪಿಟ್‌ಫೈರ್‌ನ ಸಿಲ್ಲು (ಬಾಗಿಲ ಕೆಳಗಿನ ಉದ್ದದ ತಗಡಿನ ಪೆಟ್ಟಿಗೆ) ಇಲ್ಲಿ ಮಡಚಿಸೋಕೆ ಆಗುವುದಿಲ್ಲ, ಬಾಡಿ ಚಾಸಿ ಮೇಲಿರುವಾಗ ವೆಲ್ಡ್ ಮಾಡಿದರೆ ಕೆಲಸ ಕೆಡುತ್ತದೆ. ಈ ಮೂರರಲ್ಲಿ ಒಂದನ್ನಾದರೂ ಹೇಳದ ಟಿಂಕರ್ ನನಗೆ ಬೆಂಗಳೂರಿನಲ್ಲಿ ಸಿಗಲಿಲ್ಲ. ಮೂರೂ ಸುಳ್ಳು. ನನ್ನ ಗಾಡಿ ಈಗ ಎರಡು ಮಳೆಗಾಲ ಕಳೆದಿದೆ, ಬಾಗಿಲು ಒಂದು ಬೆರಳಿಗೆ ಮುಚ್ಚಿಕೊಳ್ಳುತ್ತದೆ, ಹೊಲಿಗೆಗಳಲ್ಲಿ ಒಂದು ಕಡೆಯೂ ಕಂದು ನೀರು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಮಾರ್ಕ್ 3, 1296 ಸಿಸಿ. ಸ್ಪಿಟ್‌ಫೈರ್ ಅಂದರೆ ಅದೇ ಟ್ರಯಂಫ್ ಕಂಪನಿಯ ಹೆರಾಲ್ಡ್ ಕಾರಿನ ತಮ್ಮ ಎಂದು ಬಲ್ಲವರಿಗೆ ಗೊತ್ತು. 1962ರಲ್ಲಿ ಹೆರಾಲ್ಡ್ ಚಾಸಿಯನ್ನೇ ಕುಗ್ಗಿಸಿ ಮಾಡಿದ್ದು; ಹೆರಾಲ್ಡ್‌ನ ವೀಲ್‌ಬೇಸ್ 91.5 ಅಂಗುಲ, ಇದರದು 83. ಆದರೆ ಹೆರಾಲ್ಡ್‌ಗೆ ಎರಡೂ ಪಕ್ಕದಲ್ಲಿ ಚಾಸಿಯ ರೈಲು ಇದೆ, ಇದಕ್ಕೆ ಇಲ್ಲ. ಆ ಭಾರ ಹೊರುವುದು ಸಿಲ್ಲೇ. ಹೆರಾಲ್ಡ್‌ನಲ್ಲಿ ಪಳಗಿದ ಕೈ ಸ್ಪಿಟ್‌ಫೈರ್ ಸಿಲ್ಲನ್ನು ಅಲಂಕಾರದ ತಗಡು ಅಂದುಕೊಂಡು ಕತ್ತರಿಸಿಬಿಡುತ್ತದೆ. ಎಡವುವುದು ಅಲ್ಲೇ.

ಹಳೆಯ ರಿಪೇರಿ ಬಿಚ್ಚಿದಾಗ ಕಂಡದ್ದು: ಕೊಳೆತ ಸಿಲ್ಲಿನ ಮೇಲೆ ಇನ್ನೊಂದು ತಗಡು, ಅದರ ಮೇಲೆ ಬೆರಳು ದಪ್ಪ ಪುಟ್ಟಿ, ಒಳಗೆ ಅರ್ಧ ಬುಟ್ಟಿ ಮಣ್ಣು. ಹೊರಗಿನ ಸಿಲ್ಲು, ನಡುವಿನ ಬಲತಗಡು, ಒಳಗಿನ ಸಿಲ್ಲು, ಮೂರೂ ಸೇರಿದರೇ ಒಂದು ಪೆಟ್ಟಿಗೆ. ನಡುವಿನದು ಹೋಗಿದ್ದರೆ ಹೊರಗಿನದನ್ನು ಹೊಸದು ಹಾಕಿ ಏನೂ ಪ್ರಯೋಜನವಿಲ್ಲ. ಹೀಗೆ ಮೇಲೆ ಹೊದಿಸುವ ಜೋಡಿಯನ್ನೇ ಮೊದಲು ನಾನೂ ತರಿಸಿದ್ದೆ. ಸುಮಾರು 14 ಸಾವಿರ ಮಣ್ಣಿಗೆ ಹೋಯಿತು.

ಸಿಲ್ಲಿಗೆ ಕೈ ಹಾಕುವ ಮೊದಲು ಔಟ್‌ರಿಗರ್ ನೋಡಬೇಕು. ಚಾಸಿಯಿಂದ ರೆಕ್ಕೆಯಂತೆ ಚಾಚಿದ ಆ ಪೆಟ್ಟಿಗೆಗಳು ಒಳಗಿನಿಂದ ಕೊಳೆಯುತ್ತವೆ, ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ. ತಳಕ್ಕೆ ಸ್ಕ್ರೂಡ್ರೈವರ್ ಇಟ್ಟು ಅಂಗೈಯಿಂದ ಒತ್ತಿದರೆ ಸಾಕು. ನನ್ನದರಲ್ಲಿ ನಾಲ್ಕರಲ್ಲಿ ಮೂರು ಹಪ್ಪಳ. ಔಟ್‌ರಿಗರ್ ಕುಸಿದಿದ್ದರೆ ಬಾಡಿಯ ಆ ಮೂಲೆ ಇಳಿದಿರುತ್ತದೆ, ಬಾಗಿಲ ಸಂದು ಸುಳ್ಳು ಹೇಳುತ್ತದೆ, ಆ ಸುಳ್ಳಿಗೆ ಹೊಂದಿಸಿ ಸಿಲ್ಲು ಹಾಕಿದರೆ ಬಾಗಿಲು ಯಾವತ್ತಿಗೂ ಕೂರುವುದಿಲ್ಲ. 16 ಗೇಜ್ ಸಿ.ಆರ್. ಶೀಟಿನಲ್ಲಿ (ತಣ್ಣಗೆ ಒತ್ತಿ ತೆಳುವಾಗಿಸಿದ ಉಕ್ಕಿನ ತಗಡು; ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತೆಳು) ಹೊಸದು ಮಡಚಿಸಿದೆ, ಹಳೆಯದರ ತಳದಲ್ಲಿದ್ದ ನೀರಿನ ತೂತನ್ನು ಕೊಂಚ ದೊಡ್ಡದು ಮಾಡಿಸಿದೆ. ಮೂರಕ್ಕೂ ಸೇರಿ ಬೆಂಡಿಂಗ್ ಕೂಲಿ, ಶೀಟು ಎಲ್ಲಾ 4 ಸಾವಿರದೊಳಗೆ. ಬಾಡಿ ಬೋಲ್ಟುಗಳ ಕೆಳಗಿನ ಪ್ಯಾಕಿಂಗ್ ಎಲ್ಲಿ ಎಷ್ಟಿತ್ತು ಎಂದು ಬಿಚ್ಚುವಾಗಲೇ ಬರೆದಿಟ್ಟುಕೊಳ್ಳಿ. ನಾನು ಎಡಗಡೆಯದು ಬರೆಯಲಿಲ್ಲ, ಮೂರು ದಿನ ಅದಕ್ಕೇ ಹೋಯಿತು.

ಇನ್ನು ಸಿಲ್ಲು. ಬಾಡಿ ಚಾಸಿಯ ಮೇಲೇ ಇರಲಿ, ಬೋಲ್ಟು ಬಿಗಿದಿರಲಿ, ಬಾಗಿಲು ತೂಗಿರಲಿ, ನಾಲ್ಕು ಚಕ್ರವೂ ಸಮನೆಲದಲ್ಲಿ ಗಾಡಿಯ ಭಾರ ಹೊತ್ತಿರಲಿ. ಹಿಂಜಿನ ಕಂಬದಿಂದ ಬೀಗದ ಕಂಬಕ್ಕೆ 25 ಮಿಮೀ ಚೌಕ ಪೈಪು ಎರಡು, ಒಂದು ಮೇಲೆ, ಒಂದು ಕೆಳಗೆ, ಬಾಗಿಲು ತೆಗೆದು ಮುಚ್ಚಲು ಅಡ್ಡಬಾರದ ಹಾಗೆ ಒಳಬದಿಯಿಂದ ವೆಲ್ಡ್ ಮಾಡಿಕೊಳ್ಳಿ. ಒಂದು ಪಕ್ಕ ಪೂರ್ತಿ ಮುಗಿದ ಮೇಲೇ ಇನ್ನೊಂದು. ಎರಡೂ ಪಕ್ಕ ಒಟ್ಟಿಗೆ ಕತ್ತರಿಸಿದ ಗಾಡಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ನಡುವೆ ಬಾಳೆಹಣ್ಣಿನ ಹಾಗೆ ಬಾಗಿತ್ತು.

ಒಳಗಿನದನ್ನೂ ಬಲತಗಡನ್ನೂ 18 ಗೇಜಿನಲ್ಲಿ ಇಲ್ಲೇ ಮಡಚಿಸಿದೆ. ಎರಡೂ ಹೆಚ್ಚುಕಡಿಮೆ ನೇರ ಮಡಿಕೆ, ಹಳೆಯದನ್ನು ರಟ್ಟಿನ ಮೇಲೆ ಬಿಡಿಸಿಕೊಂಡರೆ ಮುಗಿಯಿತು. ಹೊರಗಿನದು ಕಷ್ಟ, ಅದು ದುಂಡಗೆ ತಿರುಗುತ್ತದೆ. 20 ಗೇಜಿನಲ್ಲಿ ಒಂದೇ ಸಲ ಒತ್ತಿಸಿದ್ದು ಮೂಲೆಮೂಲೆಯಾಗಿ ಬಂತು, ಎರಡನೆಯದು ತುದಿಯಲ್ಲಿ ತಿರುಚಿತು. ಮೂರನೆಯದರಲ್ಲಿ ಗೆರೆ ಎಳೆದು ಹತ್ತೋ ಹನ್ನೊಂದೋ ಹಗುರ ಒತ್ತುಗಳಲ್ಲಿ ತಿರುಗಿಸಿ, ಉಳಿದದ್ದನ್ನು ಪೈಪಿನ ಮೇಲೆ ಮರದ ಸುತ್ತಿಗೆಯಿಂದ ತಟ್ಟಿ ತಂದೆ. ತುದಿ ತಿರುಚದಿರಲು ಮಡಚುವ ಮೊದಲು ಶೀಟಿಗೆ ಒಂದು ಕೆಲಸ ಮಾಡಬೇಕು. ಅದನ್ನು ಕಂಡುಕೊಳ್ಳಲು ನನಗೆ ಎರಡು ಶೀಟು ಹೋಗಿವೆ, ನಿಮಗೂ ಒಂದಾದರೂ ಹೋಗಲಿ. ಜೋಡಿಗೆ ಒಟ್ಟು 9 ಸಾವಿರದ ಹತ್ತಿರ ಆಯಿತು. ಇಂಗ್ಲೆಂಡಿನಿಂದ ತರಿಸಿದ್ದರೆ ಸಾಗಣೆ, ಸುಂಕ ಎಲ್ಲ ಸೇರಿ ಅದರ ಮೂರರಷ್ಟಕ್ಕೆ ಕಡಿಮೆ ಇರಲಿಲ್ಲ.

ವೆಲ್ಡಿಂಗಿನಲ್ಲಿ ಕಳೆದುಕೊಂಡ ದುಡ್ಡು ಬೇರೆ. ಮೊದಲು ಫ್ಲೋರನ್ನು ಹೊರಗಡೆ ಆರ್ಕಿನಲ್ಲಿ ಮಾಡಿಸಿದೆ. ಅಷ್ಟು ತೆಳು ತಗಡಿಗೆ 2.5 ಮಿಮೀ ರಾಡು, ಕೇಳಬೇಕೆ? ತೂತಿನ ಪಕ್ಕ ತೂತು, ತೂತು ಮುಚ್ಚಲು ಗುಡ್ಡೆ, ಗುಡ್ಡೆಯ ಬಿಸಿಗೆ ನಡುವೆ ಹಳ್ಳ. 22 ಸಾವಿರ ಕೊಟ್ಟು ಮಾಡಿಸಿದ್ದನ್ನು ಗ್ರೈಂಡರಿನಲ್ಲಿ ಕತ್ತರಿಸಿ ಗುಜರಿಗೆ ಹಾಕಿದೆ. ಆಮೇಲೆ ರಾಡಿನ ಬದಲು ತಂತಿ ತಾನೇ ಬರುವ ಮಿಗ್ ವೆಲ್ಡಿಂಗ್, 0.8 ಮಿಮೀ ತಂತಿ, ಆರ್ಗಾನ್ ಮಿಶ್ರಣದ ಗ್ಯಾಸು. ಬರೀ ಕಾರ್ಬನ್ ಡೈಆಕ್ಸೈಡಿನಲ್ಲೂ ಆಗುತ್ತದೆ, ಆದರೆ ತೆಳು ತಗಡಿನಲ್ಲಿ ಅದು ಉರಿದು ಒಳಹೋಗುವುದು ಜಾಸ್ತಿ, ಸಿಡಿತವೂ ಜಾಸ್ತಿ.

ಕಾರ್ಖಾನೆಯ ಹಳೆಯ ಸ್ಪಾಟ್ ವೆಲ್ಡ್ ಚುಕ್ಕೆಗಳನ್ನು 8 ಮಿಮೀ ಕಟರಿನಲ್ಲಿ ಮೇಲಿನ ಪದರಕ್ಕಷ್ಟೇ ಕೊರೆಯಿರಿ. ಹೊಸ ತಗಡಿನ ಅಂಚಿಗೆ 6 ಮಿಮೀ ತೂತು, ಅಂಗುಲಕ್ಕೊಂದರಂತೆ. ಎರಡೂ ಮುಖಕ್ಕೆ ಸತುವಿನ ಪ್ರೈಮರ್ ಹೊಡೆದು, ತೂತಿನ ನಡುವಷ್ಟೇ ಅದನ್ನು ಕೆರೆದು ತೆಗೆದು ಪ್ಲಗ್ ವೆಲ್ಡ್ ಮಾಡಿ, ಅಂದರೆ ಆ ತೂತನ್ನೇ ವೆಲ್ಡಿನಿಂದ ತುಂಬಿ. ಕೆರೆಯದಿದ್ದರೆ ಸತು ಕುದಿದು ವೆಲ್ಡು ಗುಳ್ಳೆಗುಳ್ಳೆ, ಹೊಗೆಯೂ ಕೆಟ್ಟದ್ದು. ಸಾಲಾಗಿ ಹೋಗಬೇಡಿ. ಮುಂದೊಂದು, ಹಿಂದೊಂದು, ನಡುವೊಂದು, ಕೈಯಿಟ್ಟು ನೋಡಿ ತಣ್ಣಗಾದ ಮೇಲೆ ಮತ್ತೆ. ಐದಾರು ಪ್ಲಗ್‌ಗೊಮ್ಮೆ ಬಾಗಿಲು ಮುಚ್ಚಿ ಸಂದು ಅಳೆಯಿರಿ. ನನ್ನದು ಮೇಲೂ ಕೆಳಗೂ ಸುಮಾರು 4 ಮಿಮೀ ನಿಂತಿತು. ಎಡಗಡೆ ಹಿಂಭಾಗದಲ್ಲಿ 5 ಇರಬಹುದು, ಕಾರ್ಖಾನೆಯಿಂದ ಬಂದಾಗಲೂ ಇದಕ್ಕಿಂತ ಚೆನ್ನಾಗಿದ್ದಿರಲಾರದು.

ಈಗ ಕಾಕಂಬಿ. ದನದ ಮೇವಿಗೆ ಮಾರುವುದೇ ಸಾಕು. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಮೊದಲ ಸಲ ಗಟ್ಟಿಯಿದ್ದರೆ ಬೇಗ ಆಗುತ್ತದೆ ಎಂದು ಒಂದಕ್ಕೆ ಮೂರು ಹಾಕಿದೆ. ಹದಿನೈದು ದಿನವಾದರೂ ತುಕ್ಕು ಹಾಗೇ ಇತ್ತು, ಮೇಲೆ ಅಂಟು ಬೇರೆ. ಟಿಂಕರ್ ಬಗ್ಗಿ ನೋಡಿ "ಏನ್ ಸಾರ್, ಪಾಯಸಾನಾ?" ಅಂದ. ತೆಳ್ಳಗೆ ಮಾಡಿದ ಮೇಲೆ ಅದೇ ಡ್ರಮ್ಮು ಬೇಸಗೆಯಲ್ಲಿ ಎಂಟು ಹತ್ತು ದಿನಕ್ಕೆ ಬ್ರೇಕ್ ಬ್ಯಾಕ್‌ಪ್ಲೇಟು, ಹಿಂಜು, ಸೀಟಿನ ರೈಲು, ಬಂಪರ್ ಬ್ರಾಕೆಟ್‌ಗಳನ್ನು ಬೂದು ಲೋಹಕ್ಕೆ ಇಳಿಸಿತು. ಡಿಸೆಂಬರಿನಲ್ಲಿ ಅದಕ್ಕೇ ಮೂರು ವಾರ.

ಕೆಡುವುದು ಎಲ್ಲಿ ಅಂದರೆ, ಒಂದು, ಎಣ್ಣೆ. ಗ್ರೀಸು ಇದ್ದ ಜಾಗಕ್ಕೆ ಕಾಕಂಬಿ ತಾಗುವುದೇ ಇಲ್ಲ, ಮೊದಲು ವಾಷಿಂಗ್ ಸೋಡಾದ ಬಿಸಿನೀರಲ್ಲಿ ತೊಳೆಯಬೇಕು. ಬಣ್ಣವೂ ಅಷ್ಟೇ, ಕೆರೆದು ಹಾಕಿ. ಇನ್ನೊಂದು, ಭಾಗ ಪೂರ್ತಿ ಮುಳುಗಬೇಕು. ಉದ್ದದ ಬ್ರಾಕೆಟ್ ಒಂದನ್ನು ಅರ್ಧ ಹೊರಗೆ ಬಿಟ್ಟಿದ್ದೆ, ನೀರಿನ ಗೆರೆ ಇದ್ದಲ್ಲಿ ಉಗುರಿನಿಂದ ಗೀರಿದಂತೆ ಕುಳಿ ಬಿತ್ತು. ಅಲ್ಯೂಮಿನಿಯಂ, ಸತುವಿನ ಎರಕ ಏನನ್ನೂ ಹಾಕಬೇಡಿ, ತಿಂದುಬಿಡುತ್ತದೆ. ಸ್ಪ್ರಿಂಗಿನ ಪಟ್ಟಿ, ಗಟ್ಟಿ ಬೋಲ್ಟುಗಳನ್ನೂ ನಾನು ಹಾಕುವುದಿಲ್ಲ. ಮುಚ್ಚಳ ಬಿಗಿಯಬೇಡಿ, ಹುಳಿ ಬಂದು ಉಬ್ಬುತ್ತದೆ. ವಾಸನೆಗೆ ಮನೆಯವರಿಂದ ಮಂಗಳಾರತಿ ಗ್ಯಾರಂಟಿ. ವಾಸನೆ ಅರ್ಧಕ್ಕಿಳಿಸುವ ಒಂದು ಪುಡಿ ಇದೆ, ಅದು ಯಾವುದೆಂದು ಹೇಳುವುದಿಲ್ಲ.

ಮುಖ್ಯವಾದದ್ದು, ಮಡಿಸಿದ ಅಂಚಿರುವ ಯಾವುದನ್ನೂ ಮುಳುಗಿಸಬೇಡಿ. ಬೂಟಿನ ಮುಚ್ಚಳ ಹಾಕಿ ನೋಡಿದೆ. ಹೊರಗೆ ಬೆಳ್ಳಿಯ ತಟ್ಟೆ, ಆದರೆ ಅಂಚಿನ ಮಡಿಕೆಯೊಳಗೆ ಸಿಕ್ಕಿಕೊಂಡ ಕಾಕಂಬಿ ಬಣ್ಣ ಹೊಡೆದ ಎರಡು ತಿಂಗಳಿಗೆ ಜಿನುಗಿ, ಅಂಚಿನುದ್ದಕ್ಕೂ ಗುಳ್ಳೆ ಎದ್ದಿತು. ಆ ಬಣ್ಣದ ಕೂಲಿ 7 ಸಾವಿರ. ಬಾನೆಟ್ಟಿನ ಚಕ್ರಗೂಡಿನ ಜೋಡಣೆ, ಬಾಗಿಲ ತಳ, ಇವನ್ನು ಬಿಚ್ಚಿ ಕೆರೆಯಬೇಕು, ಇಲ್ಲ ಕತ್ತರಿಸಿ ಹೊಸ ತಗಡು ಹಾಕಬೇಕು. ತುಕ್ಕನ್ನು ಕಪ್ಪಗೆ ಮಾಡುವ ದ್ರಾವಣ ಬಳಿದು ಮೇಲೆ ಪುಟ್ಟಿ ಹಾಕುವವರ ಸಹವಾಸ ನನಗೆ ಬೇಡ.

ಡ್ರಮ್ಮಿನಿಂದ ತೆಗೆದದ್ದನ್ನು ಜೋರು ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಿ. ಟೀ ಕುಡಿದು ಬರುವಷ್ಟರಲ್ಲಿ ಕೇಸರಿ ಬಣ್ಣ ತಿರುಗುತ್ತದೆ. ಒಣಗಿದೊಡನೆ ಎಪಾಕ್ಸಿ ಪ್ರೈಮರ್. ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ನೀರು ತಡೆಯುವುದಿಲ್ಲ, ಗೇಟಿಗೆ ಬಳಿಯಿರಿ.

ನಡುವೆ ಕರೆಂಟಿನ ಪ್ರಯೋಗವನ್ನೂ ಮಾಡಿದೆ. ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್, ಭಾಗಕ್ಕೆ ಮೈನಸ್, ಪ್ಲಸ್ಸಿಗೆ ಹಳೆಯ ಕಟ್ಟಡದ ಕಂಬಿ. ಒಂದೇ ರಾತ್ರಿಗೆ ಆಗುತ್ತದೆ, ಆದರೆ ಕಂಬಿ ಎದುರಿಗಿರುವ ಮುಖ ಮಾತ್ರ, ತಿರುಗಿಸುತ್ತಿರಬೇಕು. ಪ್ಲಸ್ಸಿಗೆ ಸ್ಟೀಲು ಪಾತ್ರೆ ಚೂರು ಕಟ್ಟಬೇಡಿ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಜಲಜನಕ ಏಳುತ್ತದೆ, ಅದರ ಹತ್ತಿರ ಗ್ರೈಂಡರ್ ಹಿಡಿಯಬೇಡಿ. ನಿಂಬೆ ಉಪ್ಪೂ (ಸಿಟ್ರಿಕ್ ಆಸಿಡ್) ಚೆನ್ನ, ಬೋಲ್ಟುಗಳಿಗೆ ಒಂದು ರಾತ್ರಿ ಸಾಕು, ಮರೆತರೆ ದಾರ ಸವೆಯುತ್ತದೆ.

ಬಿಡಿಭಾಗಗಳಲ್ಲಿ ಹೆಚ್ಚು ಹೇಳುವುದೇನಿಲ್ಲ, ಟ್ರನಿಯನ್ ಒಂದನ್ನು ಬಿಟ್ಟು. ಮುಂಚಕ್ರ ಹೊತ್ತ ವರ್ಟಿಕಲ್ ಲಿಂಕ್ ಎಂಬ ಕಂಬದ ಕೆಳತುದಿ ದಾರದಲ್ಲಿ ಕೂತು ತಿರುಗುವ ಗೂಡು ಅದು. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಿಂದ ತಯಾರಾದದ್ದರ ಪುಣ್ಯ, ಹಳೆ ದಾಸ್ತಾನು ಈಗಲೂ ಅಲ್ಲಲ್ಲಿ ಸಿಗುತ್ತದೆ. ಅಳತೆ ಹಿಡಿದುಕೊಂಡು ಹೋಗಿ, ಎಡಬಲ ನೋಡಿ ತನ್ನಿ, ಎರಡಕ್ಕೂ ದಾರ ಬೇರೆ. ಜೋಡಿಗೆ ಮೂರೂವರೆ ಸಾವಿರ ಕೊಟ್ಟ ನೆನಪು. ಇದಕ್ಕೆ ಹಾಕಬೇಕಾದದ್ದು ಇ.ಪಿ. 90 ಗೇರ್ ಎಣ್ಣೆ. ಇಲ್ಲಿ ಎಲ್ಲರೂ ಗ್ರೀಸ್ ಒತ್ತುತ್ತಾರೆ, ಅದು ಗಟ್ಟಿಯಾಗಿ ದಾರದ ತಳಕ್ಕೆ ಇಳಿಯುವುದೇ ಇಲ್ಲ, ಅಲ್ಲಿ ನೀರು ಕೂತು ವರ್ಟಿಕಲ್ ಲಿಂಕಿನ ದಾರ ತುಕ್ಕು ಹಿಡಿದು ಒಂದು ದಿನ ತಿರುವಿನಲ್ಲಿ ಚಕ್ರ ಮಡಚಿಕೊಳ್ಳುತ್ತದೆ. ಹಿತ್ತಾಳೆ ಬಣ್ಣದ ಟ್ರನಿಯನ್‌ಗೆ ಹುಣಸೆಹಣ್ಣು ತಿಕ್ಕಿ ದೇವರ ದೀಪದ ಹಾಗೆ ಹೊಳೆಸಿದರೂ ಲಿಂಕಿನ ಸ್ಥಿತಿ ಗೊತ್ತಾಗುವುದಿಲ್ಲ. ಲಿಂಕನ್ನು ಡ್ರಮ್ಮಿಗೆ ಹಾಕದೆ ಬ್ರಷ್ಷಿನಲ್ಲಿ ಉಜ್ಜಿ, ಬಿರುಕು ತೋರಿಸುವ ಬಣ್ಣದ ಸ್ಪ್ರೇ ಹೊಡೆದು ನೋಡಿದೆ. ಬಲಗಡೆಯದರಲ್ಲಿ ದಾರದ ಮೇಲ್ತುದಿಯಲ್ಲಿ ಕೂದಲೆಳೆ ಗೆರೆ, ಎಸೆದೆ. ಜೋಡಿಸುವಾಗ ಟ್ರನಿಯನ್ನನ್ನು ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ಚಕ್ರ ಎರಡೂ ಕಡೆ ಪೂರ್ತಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡಿ, ಒಂದು ಸುತ್ತಿಗಿಂತ ಹೆಚ್ಚಲ್ಲ.

ಬೋಲ್ಟು ಬಹುಪಾಲು ಯು.ಎನ್.ಎಫ್., ಅಂದರೆ ಅಂಗುಲ ಲೆಕ್ಕದ ಸಣ್ಣ ದಾರದವು. ಅರ್ಧ ಅಂಗುಲದ ತಲೆ 12.7 ಮಿಮೀ, ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ತುಕ್ಕು ಹಿಡಿದ ಬೋಲ್ಟು ದುಂಡಗಾಗುತ್ತದೆ. ಹೊಸ ಬೋಲ್ಟು ಕಾರಿನ ಅಂಗಡಿಯಲ್ಲಿ ಹುಡುಕಿ ಸುಸ್ತಾದೆ, ಕೊನೆಗೆ ಸಿಕ್ಕಿದ್ದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ, ಕಿಲೋ ಲೆಕ್ಕದಲ್ಲಿ.

ತುಕ್ಕಿನ ಕೆಲಸಕ್ಕೇ ಒಟ್ಟು ಒಂದು ಲಕ್ಷದ ಹತ್ತು ಸಾವಿರ ಆಗಿರಬೇಕು, ಅದರಲ್ಲಿ 40 ಸಾವಿರದಷ್ಟು ತಪ್ಪಿಗೆ ಕಟ್ಟಿದ ದಂಡ. ಸಿಲ್ಲಿನ ಒಳಗೆ ಮೇಣ ಸಿಂಪಡಿಸಲು ಬಾಗಿಲ ಬೀಗದ ಕಂಬದ ಕೆಳಗೆ 10 ಮಿಮೀ ತೂತು ಬಿಟ್ಟಿದ್ದೇನೆ, ರಬ್ಬರ್ ಬಿರಡೆ ಹಾಕಿದೆ. ಪ್ರತಿ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಒಂದೊಂದು ಪಕ್ಕಕ್ಕೆ ಅರ್ಧ ಲೀಟರ್. ಮೇಣ ಹಾಕಿದ ಮೇಲೆ ತಳದ ನೀರಿನ ತೂತುಗಳಿಗೆ ತಂತಿ ಆಡಿಸಿ ನೋಡುವುದನ್ನು ಮರೆಯಬೇಡಿ, ಹೋದ ವರ್ಷ ಬಲಗಡೆಯದು ಮೇಣದಿಂದಲೇ ಮುಚ್ಚಿಹೋಗಿತ್ತು.