28 ಅಧ್ಯಾಯ, ಒಂದೂವರೆ ವರ್ಷ: ಅನ್ಸೆಲ್ಮನನ್ನು ನಾನು ಓದಿದ ಬಗೆ

ಇಚ್ಛೆ, ಸದ್ಗುಣ, ಕೇಡು ಎಂಬ ಮೂರನ್ನೂ ಮಧ್ಯಯುಗದ ಲ್ಯಾಟಿನ್ ಮೂಲದಿಂದಲೇ ಓದುತ್ತೇನೆ, ಅದೂ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದುಕೊಂಡು ಎಂದಾಗ, ನಮ್ಮ ಓದುಕೂಟದಲ್ಲಿ ಇಬ್ಬರು ನಕ್ಕಿದ್ದರು. ಕಳೆದ ತಿಂಗಳು ಅವರಲ್ಲೊಬ್ಬರೇ ನನ್ನ ಟಿಪ್ಪಣಿ ಪುಸ್ತಕದ ಜೆರಾಕ್ಸ್ ಕೇಳಿದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ಎರಡು ಪ್ರಯತ್ನಗಳು ನೆಲಕಚ್ಚಿದವು. ಹದಿಮೂರನೆಯ ಶತಮಾನದ ಕ್ರೈಸ್ತ ಚಿಂತಕ ಅಕ್ವಿನಾಸನ 'ದೆ ಮಾಲೊ', ಅಂದರೆ ಕೇಡಿನ ಕುರಿತು, ಎಂಬ ಕೃತಿಯಿಂದ ಆರಂಭಿಸಿದ್ದು ದುಡುಕು. ಅದರಲ್ಲಿರುವುದು 16 ಪ್ರಶ್ನೆಗಳೇ ಆದರೂ, ಒಂದೊಂದರೊಳಗಿನ ಪೂರ್ವಪಕ್ಷಗಳ ರಾಶಿಯಲ್ಲಿ ನಾಲ್ಕು ತಿಂಗಳು ಕಳೆದುಹೋದೆ. ಇಂಗ್ಲಿಷ್ ಅನುವಾದಗಳಿಗೆ ಹತ್ತು ಹನ್ನೊಂದು ಸಾವಿರ ಹೋಯಿತು. ಆನ್‌ಲೈನ್ ಲ್ಯಾಟಿನ್ ತರಗತಿಗೆ ಕಟ್ಟಿದ ಒಂಬತ್ತು ಸಾವಿರದಲ್ಲಿ ಸೀಸರನ ಯುದ್ಧಗಳನ್ನು ಕಲಿತೆನೇ ಹೊರತು ತತ್ತ್ವಶಾಸ್ತ್ರದ ಒಂದು ವಾಕ್ಯವನ್ನೂ ಬಿಡಿಸಲಿಲ್ಲ. ಬಳಿಕ ಹಿಡಿದದ್ದು ಅವನಿಗಿಂತ ಬಹಳ ಹಿಂದಿನ ಕ್ರೈಸ್ತ ಚಿಂತಕ ಆಗಸ್ಟೀನನ 'ದೆ ಲಿಬೆರೊ ಆರ್ಬಿತ್ರಿಯೊ', ಅಂದರೆ ಇಚ್ಛೆಯ ಸ್ವತಂತ್ರ ಆಯ್ಕೆಯ ಕುರಿತು. 388ರಲ್ಲಿ ರೋಮಿನಲ್ಲಿ ಆರಂಭಿಸಿದ ಆ ಕೃತಿಯನ್ನು ಅವನು ಮುಗಿಸಿದ್ದು ವರ್ಷಗಳ ನಂತರ ಆಫ್ರಿಕದಲ್ಲಿ. ಅದನ್ನು ಲೆಕ್ಕಿಸದೆ ಮೊದಲ ಪುಸ್ತಕದ ಮಾತೊಂದನ್ನು ಅವನ ಕಡೆಯ ನಿಲುವೆಂದು ಗೋಷ್ಠಿಯಲ್ಲಿ ಮಂಡಿಸಿ ಸಿಕ್ಕಿಬಿದ್ದೆ. ಇದೇ ಕೃತಿಯ ಮಾತುಗಳನ್ನು ದೇವರ ಕೃಪೆಗಿಂತ ಮನುಷ್ಯನ ಸ್ವಂತ ಇಚ್ಛೆಗೇ ಒತ್ತುಕೊಟ್ಟ ಪೆಲಾಜಿಯಸನ ಕಡೆಯವರು ತಮ್ಮ ಪರವಾಗಿ ಬಳಸಿಕೊಂಡದ್ದಕ್ಕೆ ಆಗಸ್ಟೀನನೇ ಮುಪ್ಪಿನಲ್ಲಿ ಸಮಜಾಯಿಷಿ ಬರೆಯಬೇಕಾಯಿತೆಂಬುದು ನನಗೆ ತಿಳಿದದ್ದು ಆಮೇಲೆ.

ಕೊನೆಗೆ ಕೈಹಿಡಿದದ್ದು ಹನ್ನೊಂದನೆಯ ಶತಮಾನದ ಕ್ರೈಸ್ತ ಚಿಂತಕ ಅನ್ಸೆಲ್ಮನ 'ದೆ ಕಾಸು ದಿಯಾಬೊಲಿ', ಅಂದರೆ ಸೈತಾನನ ಪತನ. ನಾರ್ಮಂಡಿಯ ಬೆಕ್ ಮಠದಲ್ಲಿದ್ದಾಗ, 1080ರ ದಶಕದಲ್ಲಿ, ಬರೆದ, 28 ಅಧ್ಯಾಯಗಳ ಗುರುಶಿಷ್ಯ ಸಂವಾದವಿದು. ಪ್ರಿಂಟಿಗೆ ನೂರು ರೂಪಾಯಿಯೂ ಆಗಲಿಲ್ಲ. ಎಡಪುಟದಲ್ಲಿ ಲ್ಯಾಟಿನ್ ಅಂಟಿಸಿ, ಬಲಪುಟದಲ್ಲಿ ಅನುವಾದದ ಬದಲು ಶಿಷ್ಯನ ಆಕ್ಷೇಪ ಯಾವುದು, ಗುರು ಅದರಲ್ಲಿ ಎಷ್ಟನ್ನು ಒಪ್ಪಿದ, ಯಾವುದನ್ನು ಜಾರಿಸಿದ ಎಂದಷ್ಟೇ ಬರೆಯುತ್ತಿದ್ದೆ. ಸುಮಾರು ಎರಡೂವರೆ ವಾರಕ್ಕೊಂದು ಅಧ್ಯಾಯ.

ಮೂರನೆಯ ಅಧ್ಯಾಯದಲ್ಲಿ ಒಂದು ಜಿಪುಣನ ದೃಷ್ಟಾಂತವಿದೆ. ಅವನಿಗೆ ನಾಣ್ಯವೂ ಬೇಕು, ರೊಟ್ಟಿಯೂ ಬೇಕು, ಆದರೆ ರೊಟ್ಟಿಗಾಗಿ ನಾಣ್ಯ ಬಿಡಬೇಕು. ನಾಣ್ಯದ ಆಸೆ ಸತ್ತ ಮೇಲೆ ಅವನು ಅದನ್ನು ಬಿಡುವುದಲ್ಲ, ಬಿಡುವ ಇಚ್ಛೆಯೇ ಮೊದಲು ಹುಟ್ಟುತ್ತದೆ. ಈ ಸಂದರ್ಭದಲ್ಲಿ ಅನ್ಸೆಲ್ಮ್ 'ಪೆರ್ವೆಲ್ಲೆ' ಎಂಬ ವಿಚಿತ್ರ ಕ್ರಿಯಾಪದವನ್ನು ಬಳಸುತ್ತಾನೆ. ಇಂಗ್ಲಿಷಿನ ಮೂಲಕ ಹೋದಾಗಲೆಲ್ಲ ಮುಗ್ಗರಿಸುತ್ತಿದ್ದ ನನಗೆ 'ಕೊನೆಮುಟ್ಟ ಇಚ್ಛಿಸು' ಎಂದು ಕನ್ನಡದಲ್ಲಿ ಬರೆದ ದಿನ ಇಡೀ ಅಧ್ಯಾಯ ಬಿಚ್ಚಿಕೊಂಡಿತು.

'ಮಾಲುಂ' ಎಂಬ ಲ್ಯಾಟಿನ್ ಪದಕ್ಕೆ ಕನ್ನಡ ಹುಡುಕುವುದು ಇನ್ನೂ ಹೆಚ್ಚು ಕಾಡಿತು. 'ಪಾಪ' ಎಂದರೆ ದಂಡನೆಯ ನೋವು ಹೊರಗುಳಿಯುತ್ತದೆ, 'ದುಷ್ಟತನ' ಎಂದರೆ ಕುರುಡು ಹೊರಗುಳಿಯುತ್ತದೆ. 'ಕೇಡು' ಎರಡನ್ನೂ ಹಿಡಿಯಿತು. ಹನ್ನೊಂದನೆಯ ಅಧ್ಯಾಯದ ವಾದವಂತೂ ಕನ್ನಡದಲ್ಲಿ ಹೇಳಿಮಾಡಿಸಿದಂತಿದೆ: 'ಅವನಿಗೆ ದೃಷ್ಟಿ ಇದೆ', 'ಅವನಿಗೆ ಕುರುಡುತನ ಇದೆ' ಎಂಬೆರಡು ವಾಕ್ಯಗಳ ಮೈಕಟ್ಟು ಒಂದೇ, ಆದರೆ ಎರಡನೆಯದರ ಹಿಂದೆ ವಸ್ತುವೇ ಇಲ್ಲ. ಈ ಹುಮ್ಮಸ್ಸಿನಲ್ಲಿ ಇಲ್ಲದಿರುವಿಕೆಯನ್ನೂ ಒಂದು ಪದಾರ್ಥವೆಂದು ಎಣಿಸುವ ವೈಶೇಷಿಕ ದರ್ಶನದ 'ಅಭಾವ'ವನ್ನು ಇದಕ್ಕೆ ಹೊಂದಿಸಲು ಹೋಗಿ ಎರಡು ತಿಂಗಳು ಹಾಳುಮಾಡಿಕೊಂಡೆ. ಬರಿಯ ಇಲ್ಲದಿರುವಿಕೆ ಕೇಡಲ್ಲ, ಇರಬೇಕಾದದ್ದು ಇಲ್ಲದಿರುವುದು ಕೇಡು. ಮನುಷ್ಯನಿಗೆ ಸಿಂಹದ ಬಲವಿಲ್ಲದಿರುವುದು ಕೇಡಲ್ಲವೆಂದು ಅಕ್ವಿನಾಸ್ ಒಂದೇ ಸಾಲಿನಲ್ಲಿ ಮುಗಿಸಿದ್ದಾನೆ.

ಸದ್ಗುಣದ ಭಾಗವನ್ನು ಬೇಗನೆ ದಾಟಿದೆ, ಏಕೆಂದರೆ ಅನ್ಸೆಲ್ಮನಲ್ಲಿ ಅದೆಲ್ಲ ನ್ಯಾಯವೆಂಬ ಒಂದರಲ್ಲಿ ಅಡಗಿದೆ: ತನ್ನ ಸಲುವಾಗಿಯೇ ಕಾಪಾಡಿಕೊಂಡ ಇಚ್ಛೆಯ ನೆಟ್ಟತನ. ನಿಘಂಟಿನ 'ಋಜುತ್ವ'ವನ್ನು ಹೊಡೆದುಹಾಕಿ 'ನೆಟ್ಟತನ' ಎಂದು ಬರೆದದ್ದಕ್ಕೆ ಈಗಲೂ ಬೈಸಿಕೊಳ್ಳುತ್ತೇನೆ. ತನಗೆ ಒಳಿತಾದುದನ್ನು ಬಯಸುವ ಹಿತದ ಒಲವು, ಸರಿಯಾದುದನ್ನು ಬಯಸುವ ನ್ಯಾಯದ ಒಲವು ಎಂಬೆರಡನ್ನು ಪಠ್ಯದುದ್ದಕ್ಕೂ ಬೇರ್ಪಡಿಸಿ ಗುರುತು ಹಾಕಲು ನನ್ನದೇ ಒಂದು ಕ್ರಮವಿದೆ, ಅದನ್ನು ಸದ್ಯಕ್ಕೆ ಹೇಳಲಾರೆ.

27ನೆಯ ಅಧ್ಯಾಯಕ್ಕೆ ಒಂದು ತಿಂಗಳು ಹಿಡಿಯಿತು. ಸೈತಾನ ಏಕೆ ಹಾಗೆ ಇಚ್ಛಿಸಿದ? ಇಚ್ಛಿಸಿದ್ದರಿಂದಲೇ, ಬೇರಾವ ಕಾರಣವೂ ಇಲ್ಲ. ಮೊದಲ ಓದಿನಲ್ಲಿ ನುಣುಚಿಕೊಳ್ಳುವ ಮಾತೆನಿಸಿದ್ದು, ಹಿಂದಿನ 26 ಅಧ್ಯಾಯಗಳಲ್ಲಿ ಹೊರಗಿನ ಕಾರಣಗಳೆಲ್ಲ ಒಂದೊಂದಾಗಿ ಕಳಚಿದ್ದನ್ನು ಬಲಪುಟದಲ್ಲಿ ಸಾಲಾಗಿ ನೋಡಿದ ಮೇಲೆ ಬೇರೆ ದಾರಿಯೇ ಇಲ್ಲದ ಉತ್ತರವಾಗಿ ಕಂಡಿತು. ಹಿತ, ನ್ಯಾಯಗಳ ಆ ಎರಡು ಒಲವುಗಳನ್ನು ಮಧ್ಯಯುಗದ ಇನ್ನೊಬ್ಬ ಚಿಂತಕ ಡನ್ಸ್ ಸ್ಕೋಟಸ್ ಮುಂದೆ ಎತ್ತಿಕೊಳ್ಳುತ್ತಾನೆ. ಆ ಪುಟಗಳ ಪ್ರಿಂಟು ತೆಗೆಸಿ ಬೈಂಡಿಂಗಿಗೆ ಕೊಟ್ಟಿದ್ದೇನೆ.