ಏರ್‌ಗನ್‌ಗೆ ಡಿಜಿಟಲ್ ಸ್ಕೋಪ್: ಝೂಮ್ ಎಷ್ಟಿರಬೇಕು ಅಂತ ನಾನು ಹೇಗೆ ತೀರ್ಮಾನಿಸಿದೆ

ಮನೆ ಸುತ್ತ ಹೆಗ್ಗಣ ಹೊಡೆಯಲು ಡಿಜಿಟಲ್ ಸ್ಕೋಪ್ ಹುಡುಕುವ ಮೊದಲು ನಾನು ಟೇಪ್ ಹಿಡಿದು ದೂರ ಅಳೆದೆ. ಉಗ್ರಾಣದ ಬಾಗಿಲಿನಿಂದ ಗೋಡೆಯ ಬುಡದ ಬಿಲಕ್ಕೆ, ಕೊಟ್ಟಿಗೆಯ ಮೂಲೆಯಿಂದ ಮೇವಿನ ರಾಶಿಗೆ, ಅಂಗಳದ ಈ ತುದಿಯಿಂದ ಆ ತುದಿಯ ಕಸದ ಗುಂಡಿಗೆ. ಹೆಚ್ಚಿನವು 8ರಿಂದ 20 ಮೀಟರ್ ಒಳಗೇ ಇದ್ದವು. ತೀರಾ ದೂರದ್ದು ಅಂದರೆ 30 ಮೀಟರ್. ಇಲಿ, ಹೆಗ್ಗಣ ಹೊಡೆಯುವವರಿಗೆ ಇದಕ್ಕಿಂತ ದೂರದ ಗುರಿ ಸಿಗುವುದು ಅಪರೂಪ. ಮುಂದಿನ ಪ್ರತಿ ನಿರ್ಧಾರವನ್ನೂ ನಾನು ಈ ಅಂಕಿಗಳನ್ನು ಮುಂದಿಟ್ಟುಕೊಂಡೇ ಮಾಡಿದೆ.

ಡಿಜಿಟಲ್ ಯಾಕೆ ಅನ್ನುವುದಕ್ಕೆ ಉತ್ತರ ಸರಳ. ಹೆಗ್ಗಣಗಳು ಕತ್ತಲಾದ ಮೇಲೆ ಹೊರಬರುತ್ತವೆ. ಬಿಳಿ ಟಾರ್ಚ್ ಬಿಟ್ಟರೆ ಓಡುತ್ತವೆ. ಡಿಜಿಟಲ್ ಸ್ಕೋಪ್ ಒಳಗೆ ಒಂದು ಕ್ಯಾಮೆರಾ, ಒಂದು ಪುಟ್ಟ ಪರದೆ ಇರುತ್ತದೆ. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಅದರ ಸೆನ್ಸರ್ ಹಿಡಿಯುತ್ತದೆ. ಹಗಲಲ್ಲಿ ಬಣ್ಣದ ಚಿತ್ರ, ರಾತ್ರಿ ಕಪ್ಪು ಬಿಳುಪು. ಮೈಶಾಖವನ್ನೇ ಚಿತ್ರವಾಗಿ ತೋರಿಸುವ ಥರ್ಮಲ್ ಸ್ಕೋಪ್ ಬಗ್ಗೆಯೂ ಯೋಚಿಸಿದ್ದೆ. ಪ್ರಾಣಿ ಎಲ್ಲಿದೆ ಅಂತ ಪತ್ತೆ ಹಚ್ಚಲು ಅದಕ್ಕೆ ಸಾಟಿ ಇಲ್ಲ. ಆದರೆ ಏರ್‌ಗನ್‌ನಲ್ಲಿ ಕಣ್ಣಿಗೂ ಕಿವಿಗೂ ನಡುವಿನ ಜಾಗ ಸ್ಪಷ್ಟವಾಗಿ ಕಾಣಬೇಕು. ಶಾಖದ ಚಿತ್ರದಲ್ಲಿ ಅಷ್ಟು ವಿವರ ಸಿಗುವುದು ಕಷ್ಟ. ಹಿಂದಿರುವುದು ಮರದ ಹಲಗೆಯೋ ನೀರಿನ ಪೈಪೋ ಅನ್ನುವುದೂ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ಗುರಿ ಹಿಡಿಯಲು ನನಗೆ ಡಿಜಿಟಲ್ಲೇ ಬೇಕಾಗಿತ್ತು.

ಈಗ ಝೂಮ್ ವಿಷಯಕ್ಕೆ ಬರುತ್ತೇನೆ. ಸ್ಕೋಪ್‌ನ ಡಬ್ಬಿಯ ಮೇಲೆ 4ರಿಂದ 16 ಪಟ್ಟು, 5ರಿಂದ 20 ಪಟ್ಟು ಅಂತೆಲ್ಲ ಬರೆದಿರುತ್ತದೆ. ಅದರಲ್ಲಿ ನಿಜವಾದ ಲೆನ್ಸ್ ಝೂಮ್ ಅಂದರೆ ಆ ಮೊದಲ ಅಂಕಿ ಮಾತ್ರ. ಅದಕ್ಕೆ ಬೇಸ್ ಮ್ಯಾಗ್ನಿಫಿಕೇಶನ್ ಅನ್ನುತ್ತಾರೆ. ಉಳಿದದ್ದೆಲ್ಲ ಡಿಜಿಟಲ್ ಝೂಮ್, ಅಂದರೆ ಚಿತ್ರದ ನಡುಭಾಗ ಕತ್ತರಿಸಿ ದೊಡ್ಡದು ಮಾಡಿ ತೋರಿಸುವುದು. ಸೆನ್ಸರ್ 1920 ಅಡ್ಡ, 1080 ಉದ್ದದ ಪಿಕ್ಸೆಲ್‌ದು ಅಂತ ಇಟ್ಟುಕೊಳ್ಳಿ. ಝೂಮ್ ಎರಡು ಪಟ್ಟು ಮಾಡಿದರೆ 960 ಮತ್ತು 540 ಉಳಿಯುತ್ತದೆ, ಅಂದರೆ ಕಾಲು ಭಾಗ. ನಾಲ್ಕು ಪಟ್ಟು ಮಾಡಿದರೆ 480 ಮತ್ತು 270. ಅಷ್ಟರಲ್ಲಿ ಹೆಗ್ಗಣದ ಕಿವಿ ಚೌಕ ಚೌಕವಾಗಿ ಕಾಣಿಸುತ್ತದೆ. ಚಿತ್ರ ದೊಡ್ಡದಾಯಿತೇ ಹೊರತು ಹೊಸ ವಿವರ ಏನೂ ಬರಲಿಲ್ಲ. 3840 ಪಿಕ್ಸೆಲ್‌ನ ಫೋರ್ ಕೆ ಸೆನ್ಸರ್ ಆದರೆ ಎರಡು ಪಟ್ಟು ಝೂಮ್‌ವರೆಗೆ ಚೆನ್ನಾಗಿಯೇ ಉಳಿಯುತ್ತದೆ. ಆದರೂ ಅದರ ಪೂರ್ತಿ ಲಾಭ ಕಣ್ಣಿಗೆ ಸಿಗುವುದು ಒಳಗಿನ ಪರದೆಯೂ ಅಷ್ಟೇ ಚೆನ್ನಾಗಿದ್ದರೆ ಮಾತ್ರ.

ಹಾಗಾದರೆ ಬೇಸ್ ಜಾಸ್ತಿ ಇರುವ ಸ್ಕೋಪನ್ನೇ ತಗೋಬಹುದು ಅಲ್ವಾ? ಹೆಚ್ಚಿನವರು ಹೀಗೇ ಯೋಚಿಸುತ್ತಾರೆ. ಆದರೆ ಹತ್ತಿರದ ಬೇಟೆಗೆ ಅದು ಒಗ್ಗುವುದಿಲ್ಲ. ಡಿಜಿಟಲ್ ಝೂಮನ್ನು ಬೇಸ್‌ಗಿಂತ ಕೆಳಗೆ ಇಳಿಸಲು ಆಗುವುದಿಲ್ಲ. ಬೇಸ್ 6 ಪಟ್ಟು ಇದ್ದರೆ 8 ಮೀಟರ್‌ನಲ್ಲೂ ಅದೇ 6 ಪಟ್ಟು. ಆಗ ಕಾಣುವ ಜಾಗ ತುಂಬಾ ಕಿರಿದು. ನೋಟದ ಅಗಲ 8 ಡಿಗ್ರಿ ಇರುವ ಸ್ಕೋಪ್‌ನಲ್ಲಿ 10 ಮೀಟರ್ ದೂರದಲ್ಲಿ ಎಡದಿಂದ ಬಲಕ್ಕೆ ಸುಮಾರು 1.4 ಮೀಟರ್ ಕಾಣುತ್ತದೆ. 5 ಡಿಗ್ರಿ ಆದರೆ 87 ಸೆಂಟಿಮೀಟರ್ ಅಷ್ಟೇ. ಹೆಗ್ಗಣ ಒಂದು ಕಡೆ ನಿಲ್ಲುವುದಿಲ್ಲ. ಗೋಡೆ ಅಂಚಿನಲ್ಲಿ ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ಮೂಸುತ್ತದೆ, ಮತ್ತೆ ಓಡುತ್ತದೆ. ನೋಟ ಕಿರಿದಾದರೆ ಅದು ಎತ್ತ ಹೋಯಿತು ಅಂತ ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಆ ತಟ್ಟನೆ ನಿಂತ ಕ್ಷಣವೇ ನಮಗೆ ಸಿಗುವ ಅವಕಾಶ.

ನಾನು ಇಟ್ಟುಕೊಂಡ ಲೆಕ್ಕ ಇದು: ಗುರಿ ನನಗೆ 5 ಮೀಟರ್‌ನಲ್ಲಿ ಇದ್ದ ಹಾಗೆ ಕಾಣಬೇಕು. ದೂರವನ್ನು 5ರಿಂದ ಭಾಗಿಸಿದರೆ ಬೇಕಾದ ಝೂಮ್ ಸಿಗುತ್ತದೆ. 20 ಮೀಟರ್‌ಗೆ 4 ಪಟ್ಟು, 30ಕ್ಕೆ 6 ಪಟ್ಟು. 10 ಮೀಟರ್‌ಗೆ 2 ಪಟ್ಟು ಸಾಕು. 5 ಮೀಟರ್ ಆಚೆ ಇರುವ ಹೆಗ್ಗಣದ ಕಣ್ಣು, ಕಿವಿ ಬರಿಗಣ್ಣಿಗೇ ಕಾಣುತ್ತವೆ. ಪರದೆಯ ಚಿತ್ರ ಗಾಜಿನ ಸ್ಕೋಪ್‌ನಷ್ಟು ಚೂಪಾಗಿರುವುದಿಲ್ಲ ಅನ್ನುವುದನ್ನು ಸೇರಿಸಿದರೂ ಒಂದು ಪಟ್ಟು ಜಾಸ್ತಿ ಆದೀತು. ಈ ಲೆಕ್ಕದ ಮೇಲೆ ಬೇಸ್ 3ರಿಂದ 4 ಪಟ್ಟಿನ ಒಳಗಿರುವ ಸ್ಕೋಪ್‌ಗಳನ್ನು ಮಾತ್ರ ನೋಡಿದೆ. ಬೇಕಾದಾಗ ಎರಡು ಪಟ್ಟು ಡಿಜಿಟಲ್ ಝೂಮ್ ಹಾಕಿದರೆ 30 ಮೀಟರ್‌ಗೂ ಆಗುತ್ತದೆ. ಕೈಯ ನಡುಕವೂ ಝೂಮ್ ಜೊತೆಗೇ ದೊಡ್ಡದಾಗಿ ಕಾಣುತ್ತದೆ. ಅದನ್ನು ನೋಡುತ್ತಾ ಟ್ರಿಗರ್ ಎಳೆಯಲು ತಡ ಮಾಡುವವರನ್ನು ಕಂಡಿದ್ದೇನೆ.

ಎರಡನೆಯ ಪ್ರಶ್ನೆ ಫೋಕಸ್. ಇದನ್ನು ಕೇಳುವವರು ಕಡಿಮೆ. ದೊಡ್ಡ ಬಂದೂಕುಗಳಿಗೆ ಅಂತ ಮಾಡಿದ ಎಷ್ಟೋ ಸ್ಕೋಪ್‌ಗಳು ತೀರಾ ಹತ್ತಿರಕ್ಕೆ ಫೋಕಸ್ ಆಗುವುದೇ ಇಲ್ಲ. 100 ಮೀಟರ್‌ನಲ್ಲಿ ಅದ್ಭುತ ಚಿತ್ರ, 8 ಮೀಟರ್‌ನಲ್ಲಿ ಬರೀ ಮಂಜು. ಎಷ್ಟು ಹತ್ತಿರದವರೆಗೆ ಫೋಕಸ್ ಆಗುತ್ತದೆ ಅನ್ನುವುದನ್ನು ನೋಡದೆ ಏರ್‌ಗನ್‌ಗೆ ಸ್ಕೋಪ್ ತಗೋಬಾರದು. ನನಗೆ 5 ಮೀಟರ್ ಬೇಕಾಗಿತ್ತು. ಡಿಜಿಟಲ್‌ನಲ್ಲಿ ಇಲ್ಲೊಂದು ಅನುಕೂಲವೂ ಇದೆ. ರೆಟಿಕಲ್, ಅಂದರೆ ಗುರಿ ಹಿಡಿಯುವ ಗೆರೆಗಳು, ಚಿತ್ರದ ಮೇಲೆಯೇ ಮೂಡುವುದರಿಂದ ಕಣ್ಣು ಸ್ವಲ್ಪ ಆಚೀಚೆ ಆದರೂ ಗುರಿ ಸರಿಯುವುದಿಲ್ಲ. ಗಾಜಿನ ಸ್ಕೋಪ್‌ನಲ್ಲಿ ಹತ್ತಿರದ ಗುರಿಗೆ ತಲೆನೋವಾಗುವ ಪ್ಯಾರಲಾಕ್ಸ್ ಇಲ್ಲಿ ಇಲ್ಲ. ಫೋಕಸ್ ಬೇಕಾಗಿರುವುದು ಸ್ಪಷ್ಟತೆಗೆ ಮಾತ್ರ.

ಮೂರನೆಯದು ಸ್ಕೋಪ್‌ನ ಎತ್ತರ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಾನು ಬಳಸುವುದು 4.5 ಮಿಲಿಮೀಟರ್ ಪೆಲೆಟ್, ಅಂದರೆ ಏರ್‌ಗನ್‌ನ ಪುಟ್ಟ ಗುಂಡು. ತೂಕ ಅರ್ಧ ಗ್ರಾಂಗಿಂತ ತುಸು ಜಾಸ್ತಿ, ವೇಗ ಸೆಕೆಂಡಿಗೆ 240 ಮೀಟರ್ ಹತ್ತಿರ. ಶಕ್ತಿ ಸುಮಾರು 16 ಜೂಲ್. ಸ್ಕೋಪ್‌ನ ನಡುಗೆರೆ ನಳಿಗೆಯ ನಡುಗೆರೆಗಿಂತ 5 ಸೆಂಟಿಮೀಟರ್ ಮೇಲಿದೆ, 20 ಮೀಟರ್‌ಗೆ ಝೀರೋ ಮಾಡಿದ್ದೇನೆ, ಅಂದರೆ ಆ ದೂರದಲ್ಲಿ ಪೆಲೆಟ್ ಗುರಿ ಇಟ್ಟಲ್ಲೇ ಬೀಳುವಂತೆ ಹೊಂದಿಸಿದ್ದೇನೆ. ಆಗ 15ರಿಂದ 30 ಮೀಟರ್‌ವರೆಗೆ ಪೆಲೆಟ್ ಗುರಿಯಿಂದ ಅರ್ಧ ಸೆಂಟಿಮೀಟರ್‌ನಷ್ಟೇ ಆಚೀಚೆ ಬೀಳುತ್ತದೆ. ಅಲ್ಲಿ ಏನೂ ಯೋಚಿಸಬೇಕಿಲ್ಲ. 10 ಮೀಟರ್‌ಗೆ ಬಂದರೆ ಒಂದೂವರೆ ಸೆಂಟಿಮೀಟರ್ ಕೆಳಗೆ, 8 ಮೀಟರ್‌ನಲ್ಲಿ 2 ಸೆಂಟಿಮೀಟರ್ ಕೆಳಗೆ. ಪೆಲೆಟ್ ಅಷ್ಟರಲ್ಲಿ ಇನ್ನೂ ನೋಟದ ಗೆರೆಗೆ ಏರಿರುವುದಿಲ್ಲ. ಅದೇ ಸ್ಕೋಪ್ 7 ಸೆಂಟಿಮೀಟರ್ ಎತ್ತರದಲ್ಲಿ ಕೂತರೆ 8 ಮೀಟರ್‌ನಲ್ಲಿ 3 ಸೆಂಟಿಮೀಟರ್‌ಗೂ ಜಾಸ್ತಿ ಕೆಳಗೆ ಹೋಗುತ್ತದೆ. ಹೆಗ್ಗಣದ ತಲೆಯಲ್ಲಿ ಪೆಲೆಟ್ ಬೀಳಬೇಕಾದ ಜಾಗ 2 ಸೆಂಟಿಮೀಟರ್ ಅಗಲವೂ ಇಲ್ಲ. ಅಂದರೆ ದೂರದ ಗುರಿಗಿಂತ ಹತ್ತಿರದ ಗುರಿಯೇ ತಪ್ಪುವುದು ಜಾಸ್ತಿ. ಡಿಜಿಟಲ್ ಸ್ಕೋಪ್‌ಗಳ ಹೊಟ್ಟೆ ದಪ್ಪ, ಗನ್ ಮೇಲೆ ಕೂರಿಸುವ ಮೌಂಟ್ ಎತ್ತರ. ಆದ್ದರಿಂದ ಆದಷ್ಟು ತಗ್ಗಿ ಕೂರುವಂಥದ್ದನ್ನು ಆರಿಸಿದೆ. ನಿಮ್ಮ ಪೆಲೆಟ್ ಬೇರೆ ಆದರೆ ಅಂಕಿ ಬದಲಾಗುತ್ತದೆ. 5 ಮೀಟರ್‌ನಿಂದ ಶುರು ಮಾಡಿ ಕಾಗದದ ಮೇಲೆ ಹೊಡೆದು ಬರೆದಿಟ್ಟುಕೊಳ್ಳಿ.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯ ರೆಟಿಕಲ್. ಕೆಲವು ಸ್ಕೋಪ್‌ಗಳಲ್ಲಿ ಝೂಮ್ ಮಾಡಿದಾಗ ರೆಟಿಕಲ್ ಗೆರೆಗಳೂ ಚಿತ್ರದ ಜೊತೆ ದೊಡ್ಡದಾಗುತ್ತವೆ. ಕೆಲವದರಲ್ಲಿ ಇದ್ದಷ್ಟೇ ಇರುತ್ತವೆ. ಎರಡನೆಯ ಬಗೆಯಲ್ಲಿ 4 ಪಟ್ಟಿನಲ್ಲಿ 2 ಸೆಂಟಿಮೀಟರ್ ತೋರಿಸುವ ಗೆರೆ 8 ಪಟ್ಟಿನಲ್ಲಿ 1 ಸೆಂಟಿಮೀಟರ್ ಆಗುತ್ತದೆ. 8 ಮೀಟರ್‌ನ ಹೆಗ್ಗಣಕ್ಕೆ ಗೆರೆ ಎಣಿಸಿ ಮೇಲೆ ಹಿಡಿಯುವಾಗ ಇದು ಗೊತ್ತಿರಲೇಬೇಕು. ನಾನು ರಾತ್ರಿಯೆಲ್ಲ ಒಂದೇ ಝೂಮ್‌ನಲ್ಲಿ ಇರುತ್ತೇನೆ, ಬೇಸ್‌ನಲ್ಲೇ. ಬಟನ್ ಒತ್ತುವ ಗೊಡವೆಯೂ ಇಲ್ಲ, ಗೆರೆಗಳ ಲೆಕ್ಕವೂ ಬದಲಾಗುವುದಿಲ್ಲ.

ಬೇಸ್ ತೀರಾ ಕಡಿಮೆ ಆದರೂ ಒಂದು ತೊಂದರೆ ಇದೆ. ಡಿಜಿಟಲ್ ಸ್ಕೋಪ್‌ನಲ್ಲಿ ಝೀರೋ ಸಾಮಾನ್ಯವಾಗಿ ಒಂದೊಂದೇ ಪಿಕ್ಸೆಲ್ ಸರಿಯುತ್ತದೆ. 8 ಡಿಗ್ರಿ ನೋಟವನ್ನು 1920 ಪಿಕ್ಸೆಲ್‌ಗೆ ಹಂಚಿದರೆ 20 ಮೀಟರ್‌ನಲ್ಲಿ ಒಂದು ಹೆಜ್ಜೆ ಅಂದರೆ ಸುಮಾರು ಒಂದೂವರೆ ಮಿಲಿಮೀಟರ್. ಅದು ಸಾಕು. ನೋಟ ಇದರ ಎರಡು ಪಟ್ಟು ಅಗಲ ಇದ್ದು ಪಿಕ್ಸೆಲ್ ಅಷ್ಟೇ ಇದ್ದರೆ ಹೆಜ್ಜೆ 3 ಮಿಲಿಮೀಟರ್ ಆಗುತ್ತದೆ. ಸಣ್ಣ ಗುರಿಗೆ ಅದು ಒರಟಾಯಿತು. ಝೂಮ್ ಮಾಡಿ ಇನ್ನೂ ಸಣ್ಣ ಹೆಜ್ಜೆಯಲ್ಲಿ ಝೀರೋ ಮಾಡಲು ಬಿಡುವ ಸ್ಕೋಪ್‌ಗಳೂ ಇವೆ. ಆ ಸೌಲಭ್ಯ ಇದ್ದರೆ ಒಳ್ಳೆಯದು.

ಇನ್‌ಫ್ರಾರೆಡ್ ಟಾರ್ಚ್ ಬಗ್ಗೆ. ಸಾಮಾನ್ಯವಾಗಿ ಸಿಗುವುದು 850 ಮತ್ತು 940 ನ್ಯಾನೋಮೀಟರ್. 850ರಲ್ಲಿ ಚಿತ್ರ ಬೆಳಗುತ್ತದೆ, ಆದರೆ ಟಾರ್ಚ್‌ನ ಬಾಯಿ ಮಂದ ಕೆಂಪಾಗಿ ಕಾಣುತ್ತದೆ. 940ರಲ್ಲಿ ಆ ಕೆಂಪು ಇಲ್ಲ, ಆದರೆ ಸೆನ್ಸರ್‌ಗೆ ಆ ಬೆಳಕು ಅಷ್ಟಾಗಿ ಹಿಡಿಸುವುದಿಲ್ಲ, ಹಾಗಾಗಿ ದೂರ ಕಡಿಮೆ. 30 ಮೀಟರ್ ಒಳಗಿನ ಕೆಲಸಕ್ಕೆ 940 ನನಗೆ ಸಾಕಾಗಿದೆ. ಶಕ್ತಿಗಿಂತ ಮುಖ್ಯ ಬೆಳಕನ್ನು ಅಗಲ ಮಾಡಲು, ತಗ್ಗಿಸಲು ಬರಬೇಕು. ಕೊಟ್ಟಿಗೆಯ ಸುಣ್ಣದ ಗೋಡೆಗೆ ಜೋರು ಬೆಳಕು ಬಿದ್ದರೆ ಪರದೆಯೆಲ್ಲ ಬೆಳ್ಳಗಾಗಿ ಹೆಗ್ಗಣ ಬರೀ ಕಪ್ಪು ಚುಕ್ಕೆಯಾಗುತ್ತದೆ. ಮುಂದೆ ಹುಲ್ಲಿನ ಎಸಳು, ಧೂಳು ಇದ್ದರೂ ಅವೇ ಹೊಳೆದು ಹಿಂದಿನದ್ದು ಮುಚ್ಚಿಹೋಗುತ್ತದೆ. ಬೆಳಕು ನಳಿಗೆಯ ತುದಿಗೆ ಬಿದ್ದು ಪ್ರತಿಫಲಿಸದಂತೆ ಟಾರ್ಚನ್ನು ಬಿಗಿಯಬೇಕು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ನಿಮ್ಮದು ಸ್ಪ್ರಿಂಗ್ ಗನ್ ಆದರೆ ಸ್ಕೋಪ್ ಅದಕ್ಕೆ ತಡೆಯುತ್ತದೆ ಅಂತ ತಯಾರಕರು ಬರೆದಿದ್ದಾರಾ ನೋಡಿ. ಸ್ಪ್ರಿಂಗ್ ಗನ್ ಹಿಂದಕ್ಕೂ ಒದೆಯುತ್ತದೆ, ಕೂಡಲೇ ಮುಂದಕ್ಕೂ ಎಗರುತ್ತದೆ. ಈ ಎರಡನೆಯ ಹೊಡೆತಕ್ಕೆ ದೊಡ್ಡ ಬಂದೂಕಿನ ಸ್ಕೋಪ್‌ಗಳೂ ಕೆಡುವುದುಂಟು. ಗಾಳಿ ತುಂಬಿಸುವ ಪಿಸಿಪಿ ಗನ್‌ಗೆ ಈ ಚಿಂತೆ ಇಲ್ಲ. ಪರದೆಯ ಬೆಳಕು ಮುಖಕ್ಕೆ ಬೀಳದಂತೆ ರಬ್ಬರ್ ಕಪ್ ಇರಲಿ, ಹೊಳಪು ಆದಷ್ಟು ಇಳಿಸಿ. ಇನ್ನೊಂದು ಬ್ಯಾಟರಿ ಜೇಬಿನಲ್ಲಿರಲಿ.

ರಾತ್ರಿ ಪರದೆಯಲ್ಲಿ ಎಲ್ಲವೂ ಚಪ್ಪಟೆಯಾಗಿ ಕಾಣುವುದರಿಂದ ದೂರ ಅಂದಾಜು ಮಾಡುವುದು ತುಂಬಾ ಕಷ್ಟ. ಒಳಗೇ ಲೇಸರ್ ದೂರಮಾಪಕ ಇರುವ ಸ್ಕೋಪ್‌ಗಳಿವೆ. ನಾನು ಹಗಲಲ್ಲೇ 8, 10, 15, 20 ಮೀಟರ್‌ಗೆ ಬಿಳಿ ಬಣ್ಣದ ಕಲ್ಲು ಇಡುತ್ತೇನೆ. ಹೆಗ್ಗಣ ಯಾವ ಕಲ್ಲಿನ ಹತ್ತಿರ ಇದೆ ಅಂತ ನೋಡಿದರೆ ಎಷ್ಟು ಮೇಲೆ ಹಿಡಿಯಬೇಕು ಅನ್ನುವುದು ಗೊತ್ತಾಗುತ್ತದೆ. ಹಿಂದೆ ಮಣ್ಣಿನ ದಿಬ್ಬವೋ ದಪ್ಪ ಹಲಗೆಯೋ ಇಲ್ಲದಿದ್ದರೆ ಹೊಡೆಯುವುದಿಲ್ಲ. ಕಲ್ಲಿಗೆ, ಕಬ್ಬಿಣಕ್ಕೆ ತಾಗಿದ ಪೆಲೆಟ್ ಎತ್ತ ಬೇಕಾದರೂ ಚಿಮ್ಮಬಹುದು. ಹೊಳೆಯುವ ಎರಡು ಕಣ್ಣು ಮಾತ್ರ ಕಂಡರೂ ಹೊಡೆಯುವುದಿಲ್ಲ. ಅದು ಬೆಕ್ಕಿನ ಮರಿ ಆಗಿರಬಹುದು. ಮೈ, ಬಾಲ, ತಲೆ ಮೂರೂ ಕಾಣಬೇಕು. ನಿಮ್ಮ ಕಡೆಯ ಕಾನೂನು ಯಾವ ಪ್ರಾಣಿಯನ್ನು, ಯಾವ ಹೊತ್ತಿನಲ್ಲಿ, ಯಾವ ಗನ್‌ನಿಂದ ಹೊಡೆಯಲು ಬಿಡುತ್ತದೆ ಅನ್ನುವುದನ್ನು ಸ್ಕೋಪ್ ಕೊಳ್ಳುವ ಮೊದಲೇ ತಿಳಿದುಕೊಳ್ಳಿ.

ಸ್ಕೋಪ್‌ನಲ್ಲಿ 100 ಮೀಟರ್ ಆಚೆಯದ್ದೂ ಕಾಣುತ್ತದೆ. ಆದರೆ ನನ್ನ ಮಿತಿ ಕಾಗದದ ಮೇಲೆ ತೀರ್ಮಾನವಾಗುತ್ತದೆ. ಕತ್ತಲಲ್ಲಿ, ಅದೇ ಟಾರ್ಚ್ ಹಾಕಿಕೊಂಡು, ಅದೇ ಭಂಗಿಯಲ್ಲಿ ಕೂತು, 2 ಸೆಂಟಿಮೀಟರ್ ಚುಕ್ಕೆಗೆ ಹತ್ತು ಪೆಲೆಟ್ ಹೊಡೆಯುತ್ತೇನೆ. ಹತ್ತೂ ಒಳಗೆ ಬೀಳುವ ದೂರ ಎಷ್ಟೋ ಅಲ್ಲಿಗೆ ನಿಲ್ಲಿಸುತ್ತೇನೆ. ಹಗಲಲ್ಲಿ ಅದು 30 ಮೀಟರ್. ರಾತ್ರಿ 20.