ದುಬೈಯ ಸಾಲ ಕುಂದಾಪುರದ ಮನೆಗೆ ಬಂದಾಗ

2020ರ ಜೂನ್‌ನಲ್ಲಿ ದುಬೈಯ ಕೆಲಸ ಕಳೆದುಕೊಂಡು, ಕೋವಿಡ್ ಕಾಲದ ವಂದೇ ಭಾರತ್ ವಿಮಾನದಲ್ಲಿ ಮಂಗಳೂರಿಗೆ ಇಳಿದಾಗ ನನ್ನ ಕ್ರೆಡಿಟ್ ಕಾರ್ಡಿನ ಬಾಕಿ 38 ಸಾವಿರ ದಿರ್ಹಮ್. ಕಡಲಾಚೆಯ ಸಾಲ ಕಡಲಾಚೆಯೇ ಇರುತ್ತದೆ ಎಂದು ಪಕ್ಕದ ಸೀಟಿನವರು ಸಮಾಧಾನ ಹೇಳಿದ್ದರು. ಎಂಟು ತಿಂಗಳಿಗೆ ವಾಟ್ಸ್‌ಆ್ಯಪ್ ಕರೆ ಬಂತು: "ನಾಳೆ ಪೊಲೀಸರು ಮನೆಗೆ ಬರುತ್ತಾರೆ." ಅಮ್ಮ ಅಲ್ಲೇ ಕುಳಿತು ಬಂಗುಡೆ ಕೊಯ್ಯುತ್ತಿದ್ದರು. ಸ್ಪೀಕರ್ ಹಾಕಿದ್ದು ನನ್ನ ದಡ್ಡತನ.

ಇಂಥ ಕರೆ ಬಂದರೆ ಕೇಳಬೇಕಾದದ್ದು ಇಷ್ಟೇ: ಯಾವ ನ್ಯಾಯಾಲಯ, ಪ್ರಕರಣದ ಸಂಖ್ಯೆ ಎಷ್ಟು? ನನಗೆ ಕರೆ ಮಾಡಿದವನು ತಡವರಿಸಿ ಫೋನಿಟ್ಟ. ಕಾರ್ಡಿನ ಬಾಕಿ ಇಲ್ಲಿ ಸಿವಿಲ್ ವ್ಯವಹಾರ. ಜಾಮೀನಿಗೆ ಸಹಿ ಹಾಕದ ಹೆಂಡತಿ, ತಂದೆಯನ್ನು ಅದು ಅಂಟುವುದಿಲ್ಲ.

ನ್ಯಾಯಾಲಯದ ಕಾಗದವೇ ಬಂದರೆ ಮಾತು ಬೇರೆ. 2020ರ ಜನವರಿ 17ರಂದು ಕೇಂದ್ರ ಸರ್ಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಪಟ್ಟಿಗೆ, ಅಂದರೆ ಯಾವ ದೇಶಗಳ ಡಿಕ್ರಿ (ನ್ಯಾಯಾಲಯದ ಅಂತಿಮ ಆದೇಶ) ಇಲ್ಲಿ ನೇರವಾಗಿ ಜಾರಿಯಾಗುತ್ತದೆ ಎಂಬ ಪಟ್ಟಿಗೆ, ದುಬೈ ಸೇರಿದ ಯುಎಇಯನ್ನು ಸೇರಿಸಿದೆ. ಅಲ್ಲಿಯ ಡಿಕ್ರಿಯ ದೃಢೀಕೃತ ಪ್ರತಿಯನ್ನು, ಎಷ್ಟು ವಸೂಲಾಗಿದೆ ಎಂಬ ಪ್ರಮಾಣಪತ್ರದ ಜೊತೆ ನಮ್ಮ ಜಿಲ್ಲಾ ನ್ಯಾಯಾಲಯಕ್ಕೆ ಸಲ್ಲಿಸಿದರೆ ಇಲ್ಲಿಯದೇ ಡಿಕ್ರಿಯಂತೆ ಅಮಲ್ಜಾರಿ, ಅಂದರೆ ವಸೂಲಿ ಕ್ರಮ, ಆಗುತ್ತದೆ. ಜಾಗ, ಬ್ಯಾಂಕ್ ಖಾತೆ ಜಪ್ತಿಯಾಗಬಹುದು. (ಅಮೆರಿಕ ಈ ಪಟ್ಟಿಯಲ್ಲಿಲ್ಲ. ಅಲ್ಲಿಯ ತೀರ್ಪು ಹಿಡಿದವರು ಮೂರು ವರ್ಷದೊಳಗೆ ಇಲ್ಲಿ ಹೊಸ ದಾವೆ ಹೂಡಬೇಕು.) ನೋಟಿಸ್ ಸಿಕ್ಕ ದಿನವೇ, ಅಂಚೆ ಮುದ್ರೆಯಿರುವ ಲಕೋಟೆಯ ಸಮೇತ ವಕೀಲರ ಬಳಿಗೆ ಹೋಗಿ. ದುಬೈಯ ಸಮನ್ಸ್ ನಿಮಗೆ ತಲುಪಿಯೇ ಇರದಿದ್ದರೆ, ಅಥವಾ ಪ್ರಕರಣದ ಹುರುಳು ನೋಡದೆಯೇ ಡಿಕ್ರಿ ಆಗಿದ್ದರೆ ಅದೇ ಸಂಹಿತೆಯ 13ನೇ ಕಲಮಿನಡಿ ತಕರಾರು ಸಲ್ಲಿಸಬಹುದು. ಬಾಯಿ ಮುಚ್ಚಿ ಕುಳಿತವರ ಪರವಾಗಿ ಆ ಕಲಂ ತಾನಾಗಿ ಮಾತಾಡುವುದಿಲ್ಲ.

ನಾನು ಅಲ್ಲಿಯವರೆಗೆ ಕಾಯಲಿಲ್ಲ. ಅಸಲು, ಬಡ್ಡಿ, ದಂಡಗಳನ್ನು ಬಿಡಿಸಿ ತೋರಿಸುವ ಲೆಕ್ಕ ಕೊಡಿ ಎಂದು ಬ್ಯಾಂಕಿಗೆ ಬರೆದೆ. 38 ಸಾವಿರ ಬೆಳೆದು 61 ಸಾವಿರವಾಗಿತ್ತು! ಒಂದೇ ಗಂಟಾಗಿ 30 ಕೊಡುತ್ತೇನೆ ಎಂದೆ. ನಾಲ್ಕು ತಿಂಗಳು ಜಗ್ಗಾಡಿ 34 ಸಾವಿರಕ್ಕೆ ಒಪ್ಪಿದರು. ಆಗ ಏಜೆಂಟನೊಬ್ಬ ತನ್ನ ಖಾತೆಯ ಸಂಖ್ಯೆ ಕಳುಹಿಸಿದ, "ಬೇಗ ಆಗುತ್ತದೆ ಸರ್" ಎಂದು. ಇಲ್ಲೇ ಬಹಳ ಜನ ಮುಗ್ಗರಿಸುವುದು. ಬ್ಯಾಂಕಿನ ಇಮೇಲ್‌ನಿಂದಲೇ, ಲೆಟರ್‌ಹೆಡ್ ಮೇಲೆ ಒಪ್ಪಿಗೆ ಪತ್ರ ಬರುವ ತನಕ ಬಿಡಿಗಾಸು ಕೊಡಬೇಡಿ. ಪತ್ರದಲ್ಲಿ ಕಾರ್ಡ್ ಖಾತೆಯ ಸಂಖ್ಯೆ, ಮೊತ್ತ, ಕೊನೆಯ ದಿನ, ಇಷ್ಟು ಕೊಟ್ಟರೆ ಬೇರೆ ಬಾಕಿಯಿಲ್ಲ ಎಂಬ ಸಾಲು ಇರಬೇಕು. ಹಣ ಬ್ಯಾಂಕಿನ ಖಾತೆಗೇ ಹೋಗಬೇಕು.

ಮತ್ತೆ ದುಬೈಗೆ ಹೊರಡುವವರು ಟಿಕೆಟ್ ತೆಗೆಯುವ ಮೊದಲು ದುಬೈ ಪೊಲೀಸರ ಆ್ಯಪ್‌ನಲ್ಲಿ ಹಳೆಯ ಎಮಿರೇಟ್ಸ್ ಐಡಿ ಹಾಕಿ ಹಣಕಾಸಿನ ಪ್ರಕರಣವಿದೆಯೇ ನೋಡಿಕೊಳ್ಳಿ.

ಕಾರ್ಡ್ ಕೊಡುವಾಗ ಸಹಿ ಹಾಕಿಸಿಕೊಂಡ ಖಾಲಿ ಚೆಕ್ಕನ್ನು ವಾಪಸು ಕೇಳಲು ಮರೆಯಬೇಡಿ. 2022ರ ಜನವರಿ 2ರಿಂದ ಹಣವಿಲ್ಲದೆ ಚೆಕ್ ಮರಳಿದ ಮಾತ್ರಕ್ಕೆ ಅಲ್ಲಿ ಅಪರಾಧವಾಗುವುದಿಲ್ಲ, ಆದರೆ ಅದೇ ಚೆಕ್ ಹಿಡಿದು ಬ್ಯಾಂಕು ನೇರವಾಗಿ ಅಮಲ್ಜಾರಿಗೆ ಹೋಗಬಹುದು. ನನಗೆ ಋಣಮುಕ್ತ ಪತ್ರ ಮೂರು ಇಮೇಲ್‌ಗೆ ಬಂತು. ಚೆಕ್ ವಾಪಸು ಬರಲು ಹನ್ನೊಂದು ಬೇಕಾಯಿತು.